ಮನವೊಲಿಸುವ ಭಾಷೆಯ ಪಾಠದಲ್ಲಿ ನಾನು ಬದಲಾಯಿಸಿಕೊಂಡಿದ್ದು

ಹೈಸ್ಕೂಲ್ ಮಕ್ಕಳಿಗೆ ಭಾಷೆ ಪಾಠ ಮಾಡ್ತಾ 11 ವರ್ಷ ಆಯ್ತು. ಮನವೊಲಿಸುವ ಭಾಷೆಯನ್ನ ಮೊದಲ ಐದಾರು ವರ್ಷ ನಾನು ಹೇಳ್ಕೊಡ್ತಿದ್ದಿದ್ದು ಹೀಗೆ: ಬೋರ್ಡ್ ಮೇಲೆ ಪುನರಾವರ್ತನೆ, ಉತ್ಪ್ರೇಕ್ಷೆ, ಉತ್ತರ ಬೇಡದ ಪ್ರಶ್ನೆ, ಅಂಕಿಅಂಶ ಅಂತ ಪಟ್ಟಿ ಬರೆಯೋದು, ಮಕ್ಕಳು ಬರ್ಕೊಳ್ಳೋದು, ಆಮೇಲೆ ಒಂದು ಭಾಷಣನೋ ಜಾಹೀರಾತೋ ಕೊಟ್ರೆ ಪೆನ್ಸಿಲಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೆಸರು ಹಾಕೋದು. ಎಲ್ರೂ ಸಲೀಸಾಗಿ ಮಾಡ್ತಿದ್ರು. ಆದ್ರೆ ಪೇಪರ್ ತಿದ್ದೋಕೆ ಕೂತ್ರೆ ಒಂದಾದ ಮೇಲೊಂದರಲ್ಲಿ ಅದೇ ವಾಕ್ಯ, "ಇದು ಓದುಗರ ಗಮನ ಸೆಳೆಯುತ್ತದೆ". ಯಾವ ಓದುಗರು, ಯಾಕೆ ಸೆಳೆಯುತ್ತೆ, ಸೆಳೆದು ಎಲ್ಲಿಗೆ ಕರ್ಕೊಂಡು ಹೋಗುತ್ತೆ, ಒಂದೂ ಇಲ್ಲ. ತಪ್ಪು ಮಕ್ಕಳದ್ದಲ್ಲ, ನಾನು ಕೇಳಿದ್ದೇ ಹೆಸರು, ಅವರು ಕೊಟ್ಟಿದ್ದೂ ಹೆಸರೇ.

ಈಗ ಹೆಸರು ಕೊನೆಗೆ ಹೇಳ್ತೀನಿ, ಮೊದಲು ಅಳಿಸಿ ಓದಿಸ್ತೀನಿ. ಅಮೆರಿಕದಲ್ಲಿ ಕಪ್ಪು ಜನರ ಸಮಾನ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ಕ್ಕೆ ವಾಷಿಂಗ್ಟನ್‌ನಲ್ಲಿ, ಲಿಂಕನ್ ಸ್ಮಾರಕದ ಮುಂದೆ ಮಾಡಿದ ಭಾಷಣದಲ್ಲಿ "ನನಗೊಂದು ಕನಸಿದೆ" ಅಂತ ಮತ್ತೆ ಮತ್ತೆ ಬರೋ ಭಾಗ ಇದ್ಯಲ್ಲ, ಅದನ್ನ ತಗೊಂಡೆ. ಮೊದಲನೇದು ಬಿಟ್ಟು ಉಳಿದಿದ್ದನ್ನೆಲ್ಲ ಹೊಡೆದುಹಾಕಿ ಓದಿ ಅಂದೆ. ಒಬ್ಬಳು ಎದ್ದು ನಿಂತು ಓದಿದ್ಲು, ಮುಗಿಸಿ ಸ್ವಲ್ಪ ಹೊತ್ತು ಹಾಳೆನೇ ನೋಡ್ತಿದ್ಲು, ಆಮೇಲೆ "ವಿಷಯ ಎಲ್ಲ ಹಾಗೇ ಇದೆ ಮೇಡಂ, ಆದ್ರೆ ಬೇಡಿಕೆ ಪಟ್ಟಿ ಓದ್ದಂಗಾಯ್ತು" ಅಂದ್ಲು. ಹಿಂದಿನ ಬೆಂಚಿಂದ ಇನ್ನೊಬ್ಬ, "ಆ ಮಾತು ಬಂದಾಗೆಲ್ಲ ಮುಂದೆ ಏನು ಅಂತ ಕಾಯೋ ಹಾಗಾಗುತ್ತೆ, ಎದುರಿಗೆ ಅಷ್ಟು ಜನ ನಿಂತಿರೋರಿಗೆ ಅದು ನಮ್ಮದೇ ಕನಸು ಅನ್ನಿಸಿರುತ್ತೆ" ಅಂದ. ಅವನ ಮಾತನ್ನ ಒಂದಕ್ಷರ ತಿದ್ದದೆ ಬೋರ್ಡ್ ಮೇಲೆ ಬರೆದೆ. ವಿಶ್ಲೇಷಣೆ ಅಂದ್ರೆ ಅದು, ನಾನು ಅಷ್ಟು ವರ್ಷ ಪಟ್ಟಿ ಬರೆಸಿ ಪಡೆಯೋಕಾಗದೇ ಇದ್ದಿದ್ದು.

ಮಾರನೇ ದಿನ ಕ್ಲಾಸನ್ನ ಎರಡು ಭಾಗ ಮಾಡಿ ಬೇರೆ ಬೇರೆ ಚೀಟಿ ಕೊಟ್ಟೆ. ಒಂದು ರೋಗದಿಂದ 600 ಜನ ಸಾಯೋ ಹಾಗಿದ್ದಾರೆ, ಎರಡು ದಾರಿ ಇವೆ. ಮೊದಲ ಗುಂಪಿನ ಚೀಟಿಯಲ್ಲಿ ಒಂದು ದಾರಿಯಲ್ಲಿ 200 ಜನ ಉಳಿತಾರೆ, ಇನ್ನೊಂದರಲ್ಲಿ ಮೂರರಲ್ಲೊಂದು ಪಾಲು ಸಾಧ್ಯತೆ ಎಲ್ರೂ ಉಳಿಯೋಕೆ, ಇಲ್ಲಾಂದ್ರೆ ಯಾರೂ ಉಳಿಯಲ್ಲ. ಎರಡನೇ ಗುಂಪಿಗೂ ಅದೇ ಲೆಕ್ಕ, ಆದ್ರೆ ಉಳಿತಾರೆ ಅನ್ನೋ ಬದಲು 400 ಜನ ಸಾಯ್ತಾರೆ ಅಂತ ಬರೆದಿದ್ದೆ. ಇದು ಟ್ವೆರ್ಸ್ಕಿ ಮತ್ತು ಕಾನೆಮನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಪ್ರಯೋಗ, ಅಲ್ಲಿ ಖಚಿತವಾದ ದಾರಿಯನ್ನ "ಉಳಿತಾರೆ" ಅಂದಾಗ 100ಕ್ಕೆ 72 ಜನ ಆರಿಸ್ಕೊಂಡ್ರು, "ಸಾಯ್ತಾರೆ" ಅಂದಾಗ ಬರೀ 22. ನಮ್ಮ ಕ್ಲಾಸಲ್ಲೂ ಎರಡು ಗುಂಪು ಎರಡು ದಿಕ್ಕಿಗೆ ವಾಲಿತು. ಚೀಟಿ ಅದಲು ಬದಲು ಮಾಡ್ಕೊಂಡು ಓದಿದ ಮೇಲೆ ಕೆಲವರಿಗೆ ನಿಜವಾಗ್ಲೂ ಸಿಟ್ಟು ಬಂತು, "ಮೋಸ ಮೇಡಂ ಇದು" ಅಂದ್ರು. ಸುಳ್ಳು ಎಲ್ಲಿದೆ ತೋರಿಸಿ ಅಂದೆ. ಹುಡುಕಿದ್ರು, ಸಿಗಲಿಲ್ಲ. ಆ ಸಿಟ್ಟು ನನಗೆ ಬೇಕಿತ್ತು, ಸುಳ್ಳೇ ಹೇಳದೆ ಮನಸ್ಸು ತಿರುಗಿಸಬಹುದು ಅಂತ ಗೊತ್ತಾದ ಮಗು ಮುಂದೆ ಯಾವ ಜಾಹೀರಾತನ್ನೂ ಯಾರ ಭಾಷಣವನ್ನೂ ಸುಮ್ಮನೆ ನುಂಗಲ್ಲ. ಅರಿಸ್ಟಾಟಲ್‌ನ ಎಥೋಸ್, ಪೇಥೋಸ್, ಲೋಗೋಸ್, ಅಂದ್ರೆ ಹೇಳೋನ ಮೇಲಿನ ನಂಬಿಕೆ, ಭಾವನೆ, ತರ್ಕ, ಇದನ್ನ ಆ ದಿನವೇ ಹೇಳಿದೆ, ಹತ್ತು ನಿಮಿಷ ಸಾಕಾಯ್ತು.

ಬರೆಸೋದು ಇನ್ನೂ ಕಷ್ಟ. ಶಾಲೆ ಬಿಟ್ಟ ಮೇಲೂ ಲೈಬ್ರರಿ ತೆಗೆದಿಡಿ ಅಂತ ಹೆಡ್ ಮೇಡಂಗೆ ಒಬ್ಬ ಪತ್ರ ಬರೆದ. ಮೊದಲ ಸಾಲೇ "ವಿದ್ಯಾರ್ಥಿಗಳ ಭವಿಷ್ಯದ ಬಗ್ಗೆ ನಿಮಗೆ ಕಾಳಜಿ ಇಲ್ಲವೇ?" ಪಟ್ಟಿಯಲ್ಲಿದ್ದ ಎಲ್ಲ ತಂತ್ರಗಳೂ ಇದ್ವು, ಹಳೇ ಲೆಕ್ಕದಲ್ಲಾದ್ರೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ. ನೀನೇ ಹೆಡ್ ಮೇಡಂ ಕುರ್ಚಿಯಲ್ಲಿ ಕೂತು ಈ ಸಾಲು ಓದು ಅಂದೆ. ಓದಿ ಮುಖ ಸಣ್ಣ ಮಾಡ್ಕೊಂಡು, "ಬೈದಂಗಿದೆ" ಅಂದ. ಹಾಗಾದ್ರೆ ಅವರು ಆಗಲ್ಲ ಅನ್ನೋಕೆ ಏನೇನು ಕಾರಣ ಇರಬಹುದು ಬರ್ಕೊಂಡು ಬಾ ಅಂತ ಕಳಿಸಿದೆ. ಅವನು ಹೋಗಿ ಲೈಬ್ರರಿ ನೋಡ್ಕೊಳ್ಳೋರನ್ನೇ ಕೇಳಿ ಬಂದ. ಯಾರು ಕಾಯ್ತಾರೆ, ಪುಸ್ತಕ ಕಳೆದ್ರೆ ಯಾರು ಹೊಣೆ, ಬೀಗ ಹಾಕೋರ್ಯಾರು, ಇವು ಮೂರೇ ಅವರ ಚಿಂತೆ. ಎರಡನೇ ಪತ್ರ ಆ ಮೂರು ಚಿಂತೆಯಿಂದಲೇ ಶುರುವಾಯ್ತು, ಒಂದೊಂದಕ್ಕೂ ಅವನೇ ಒಂದು ವ್ಯವಸ್ಥೆ ಸೂಚಿಸಿದ್ದ, ಉತ್ತರ ಬೇಡದ ಪ್ರಶ್ನೆ ಒಂದೂ ಇರಲಿಲ್ಲ.

ಹೆಡ್ ಮೇಡಂ ಅವನನ್ನ ಕರೆಸಿ ಕಾಲು ಗಂಟೆ ಮಾತಾಡಿದ್ರು. ಕೇಳಿದ್ದು ಐದು ದಿನ, ಒಪ್ಪಿದ್ದು ಎರಡು. ಉಳಿದ ಮೂರು ದಿನಾನೂ ಕೇಳೋಕೆ ಅಂತ, ಆ ಎರಡು ದಿನದಲ್ಲಿ ಯಾರು ಯಾವತ್ತು ಎಷ್ಟು ಹೊತ್ತು ಕೂತ್ರು ಅಂತ ಈಗ ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತಿದ್ದಾನೆ, ಮುಂದಿನ ಪತ್ರಕ್ಕೆ ಬೇಕಾಗುತ್ತಂತೆ.