ರಾಟೆ, ಹಗ್ಗ ಮತ್ತು ನಮ್ಮ ವಿಜ್ಞಾನ ಮಾಸ್ತರರು

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕ ತಡವಾಗಿ ಬರುವುದು ಹೊಸ ಸಂಗತಿಯೇನಲ್ಲ. ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ವಿಜ್ಞಾನದ ಪುಸ್ತಕ ಕೈಸೇರುವಾಗ ಮಳೆಗಾಲ ಅರ್ಧ ಕಳೆದಿತ್ತು. ಅದರಿಂದ ನಮಗೊಂದು ಲಾಭವೂ ಆಯಿತು: ಬಲ ಮತ್ತು ಚಲನೆಯ ಪಾಠವನ್ನು ವ್ಯಾಖ್ಯೆ ಬರೆಸಿ ಶುರುಮಾಡಲು ಮಾಸ್ತರರ ಬಳಿ ಪುಸ್ತಕವೇ ಇರಲಿಲ್ಲ. ಮಳೆ ಬಿಟ್ಟ ಒಂದು ಮಧ್ಯಾಹ್ನ ಅವರು ನಮ್ಮನ್ನು ಶಾಲೆಯ ಬಾವಿಕಟ್ಟೆಗೆ ಕರೆದೊಯ್ದರು.

“ಕೊಡಪಾನ ಒಂದೇ ಜವದಲ್ಲಿ ಮೇಲೆ ಬರುತ್ತಿದೆ. ಹಗ್ಗದ ಎಳೆತ ಅದರ ತೂಕಕ್ಕಿಂತ ಹೆಚ್ಚೋ, ಕಡಿಮೆಯೋ, ಸಮವೋ?”

ಹೆಚ್ಚು ಎಂದು ಇಡೀ ತರಗತಿ ಕೂಗಿತು. ಹೆಚ್ಚಿಲ್ಲದಿದ್ದರೆ ಅದು ಮೇಲೆ ಬರುವುದಾದರೂ ಹೇಗೆ?

ಅವರು ವಾದಿಸಲಿಲ್ಲ. ಹಗ್ಗದ ಒಂದು ತುದಿಗೆ 5 ಕಿಲೋ ತೂಗುವ ಮುರಕಲ್ಲಿನ ತುಂಡು ಕಟ್ಟಿ ಬಾವಿಗೆ ಇಳಿಬಿಟ್ಟರು. ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದರು. ತಕ್ಕಡಿ ಹಿಡಿದು ಒಬ್ಬ ಅಂಗಳದುದ್ದಕ್ಕೆ ನಡೆಯಬೇಕು, ಜೊತೆಯಲ್ಲೇ ನಡೆಯುವವನು ಮುಳ್ಳು ನೋಡಿ ಕೂಗಬೇಕು. ಹೊರಟ ಕ್ಷಣ ಮುಳ್ಳು ಐದನ್ನು ದಾಟಿ ಜಿಗಿಯಿತು. ನಡಿಗೆ ಒಂದು ಹದಕ್ಕೆ ಬಂದಾಗ ಇಳಿದು, ಐದಕ್ಕಿಂತ ತುಸು ಮೇಲೆ ನಿಂತಿತು.

“ಹೆಚ್ಚೇ ಇದೆ, ಮಾಸ್ತರರೇ!” ನಾವು ಗೆದ್ದೆವೆಂದುಕೊಂಡೆವು.

“ಹಾಗಾದರೆ ಈಗ ಅದೇ ಜವದಲ್ಲಿ ಇಳಿಸಿ.”

ಮುಳ್ಳು ಐದಕ್ಕಿಂತ ತುಸು ಕೆಳಗೆ ನಿಂತಿತು. ನಮ್ಮಲ್ಲಿ ಉತ್ತರವಿರಲಿಲ್ಲ. ಮಾಸ್ತರರು ಅಡುಗೆಕೋಣೆಯಿಂದ ತೆಂಗಿನೆಣ್ಣೆ ತರಿಸಿ ರಾಟೆಯ ಅಚ್ಚಿಗೆ ಬಿಟ್ಟರು. ಮತ್ತೆ ಎಳೆದಾಗಲೂ ಇಳಿಸಿದಾಗಲೂ ಮುಳ್ಳು ಐದರ ಹತ್ತಿರ ಬಂತು. ಆ ಹೆಚ್ಚುವರಿ ಎಳೆತ ಕಲ್ಲನ್ನು ಮೇಲಕ್ಕೆ ಒಯ್ಯಲು ಬೇಕಾದದ್ದಲ್ಲ, ರಾಟೆಯ ಘರ್ಷಣೆಗೆ ಕೊಟ್ಟ ಸುಂಕ. ಜವ ಬದಲಾಗದಿರುವಷ್ಟು ಹೊತ್ತು ಕಲ್ಲಿನ ಮೇಲಿನ ಎಳೆತವೂ ಅದರ ತೂಕವೂ ಸಮ. ಒಂದು ಇನ್ನೊಂದನ್ನು ಮೀರಬೇಕಾದದ್ದು ಹೊರಡಿಸುವಾಗ, ನಿಲ್ಲಿಸುವಾಗ, ಜವ ಏರಿಸಿ ಇಳಿಸುವಾಗ ಮಾತ್ರ.

ನಾವು ಅಂದು ಕೂಗಿದ್ದು, ವಸ್ತು ಚಲಿಸುತ್ತಿರಬೇಕಾದರೆ ಅದನ್ನು ತಳ್ಳುತ್ತಲೇ ಇರಬೇಕು ಎಂದ ಅರಿಸ್ಟಾಟಲನ ಪಕ್ಷದ ಮಾತು ಎಂದು ಆಮೇಲೆ ತಿಳಿಯಿತು. ತಳ್ಳುವುದು ನಿಂತರೆ ಕೈಗಾಡಿ ನಿಲ್ಲುವುದು ಎಲ್ಲರಿಗೂ ಕಾಣುತ್ತದೆ. ಅದನ್ನು ನಿಲ್ಲಿಸುವ ಘರ್ಷಣೆ ಕಾಣುವುದಿಲ್ಲ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿದ ಗೆಲಿಲಿಯೋ ಈ ಗಂಟನ್ನು ಸಡಿಲಿಸಿದ, 1687ರಲ್ಲಿ ನ್ಯೂಟನ್ ಅದನ್ನು ನಿಯಮವಾಗಿಸಿದ. ಪುಸ್ತಕ ಬಂದ ಮೇಲೆ ಇದೆಲ್ಲ ಒಂದೂವರೆ ಪುಟದಲ್ಲಿತ್ತು. 5 ಕಿಲೋ ದ್ರವ್ಯರಾಶಿಯ ತೂಕ ಸುಮಾರು 49 ನ್ಯೂಟನ್ ಎಂಬ ಲೆಕ್ಕವನ್ನೂ ಮಾಡಿದೆವು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ನ್ಯೂಟನ್ನನ ಮೂರನೆಯ ನಿಯಮಕ್ಕೆ ಮಾತ್ರ ಮಾಸ್ತರರು ಹೊರಗಿನವರೊಬ್ಬರನ್ನು ಹಿಡಿದರು. ಪಕ್ಕದ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಬಂದಿದ್ದವರು ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುತ್ತಿದ್ದರು. “ನಿಮ್ಮನ್ನು ಮೇಲಕ್ಕೆ ತಳ್ಳುವುದು ಯಾವುದು ಅಣ್ಣಾ?” ಎಂದು ಬೇಲಿಯ ಈಚೆಯಿಂದ ಕೇಳಿದರು.

“ತಳ್ಳುವುದು ಯಾರು ಮಾಸ್ತರರೇ? ನಾನು ಮರವನ್ನು ಕೆಳಕ್ಕೆ ತುಳಿಯುತ್ತೇನೆ, ಅಷ್ಟೇ.”

ಮಾಸ್ತರರ ಮುಖ ಅರಳಿದ್ದು ನೋಡಬೇಕಿತ್ತು! ಕಾಲು ಮರವನ್ನು ಕೆಳಕ್ಕೆ ಒತ್ತಿದಷ್ಟೇ ಬಲದಿಂದ ಮರ ಕಾಲನ್ನು ಮೇಲಕ್ಕೆ ಒತ್ತುತ್ತದೆ. ರಾಟೆಯಲ್ಲಿ ಎಣ್ಣೆ ಬಿಟ್ಟು ಓಡಿಸಿದ ಘರ್ಷಣೆಯೇ ಇಲ್ಲಿ ಏರುವವನನ್ನು ಹಿಡಿದು ನಿಲ್ಲಿಸುತ್ತದೆ. ಮರ ಪಾಚಿಗಟ್ಟಿ ಜಾರುವ ದಿನ ಎಷ್ಟು ತುಳಿದರೂ ಏರಲಾಗುವುದಿಲ್ಲ ಎಂದು ಅವರೇ ಮೇಲಿನಿಂದ ಸೇರಿಸಿದರು. ಅಂಥ ಉಪಯುಕ್ತ ಟಿಪ್ಪಣಿ ನನಗೆ ಕಾಲೇಜಿನಲ್ಲೂ ಸಿಗಲಿಲ್ಲ.

ಬಾವಿಗೆ ಈಗ ಪಂಪು ಕೂರಿಸಿದ್ದಾರೆಂದು ಕೇಳಿದ್ದೇನೆ. ರಾಟೆಯನ್ನು ಗುಜರಿಗೆ ಹಾಕಿಲ್ಲವಾದರೆ ಏಳನೆಯ ತರಗತಿಯವರಿಗೆ ಹಗ್ಗವನ್ನೂ ತಕ್ಕಡಿಯನ್ನೂ ನಾನು ತಂದುಕೊಡುತ್ತೇನೆ. ಎಣ್ಣೆ ಶಾಲೆಯದೇ ಆಗಲಿ.