ಕಲ್ಲು ಬೇಡ ಅಂದಿದ್ದು ನಾನೇ

ಹೋದ ಸಲದ ಕಾಫಿ ಕೊಯ್ಲಿನಲ್ಲಿ ನಡೆದದ್ದು ಇದು. ಜಾಕ್ ಕೈಗೆ ತಗೊಂಡಾಗಲೆಲ್ಲ ಈಗಲೂ ಕಣ್ಣ ಮುಂದೆ ಬರುತ್ತದೆ.

ನಾನು ಮೂಡಿಗೆರೆ ಕಡೆಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ತೋಟದ ಜೀಪುಗಳು. ಅವತ್ತು ಬಂದದ್ದು ಹಳೇ ಸಿಜೆ 3ಬಿ, ವಿಲ್ಲೀಸ್ ಕಂಪನಿ ರೂಪಿಸಿದ ಜೀಪು. ಎಂಜಿನ್ ಬದಲಾಗಿತ್ತು, ಬಾಡಿಯನ್ನು ಹೊಸದಾಗಿ ಕಟ್ಟಿದ್ದರು. ಹ್ಯಾಂಡ್‌ಬ್ರೇಕ್ ಮಾತ್ರ ಅದೇ ವಿಲ್ಲೀಸ್ ಕಾಲದ್ದು. ಕೇಬಲ್ ಹಿಂದಿನ ಗಾಲಿಗಳಿಗೆ ಹೋಗುವುದಿಲ್ಲ. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಸಣ್ಣ ಬ್ರೇಕ್ ಡ್ರಮ್ ಇರುತ್ತದೆ, ಅದು ಹಿಡಿದರೆ ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಿಲ್ಲುತ್ತದೆ. ಈ ಡ್ರಮ್ಮಿನ ಗೋಳು ಜೀಪ್ ಬಿಚ್ಚಿದವರಿಗೆಲ್ಲ ಗೊತ್ತು. ಹಿಂದಿನ ಆಯಿಲ್ ಸೀಲ್ ಸ್ವಲ್ಪ ಸೋರಿದರೂ ಸಾಕು, ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರ್ ಪೂರ್ತಿ ಎಣ್ಣೆಯಲ್ಲಿ ನೆನೆದು ಜಾರುತ್ತದೆ. ಅದರ ಮೇಲೆ ಮಳೆಗಾಲದ ಕೆಸರು. ನಾಲ್ಕು ತಿಂಗಳಿಗೊಮ್ಮೆ ಸೀಲ್ ಹಾಕಿ, ಲೈನರ್ ಉಜ್ಜಿ ಕಳಿಸುತ್ತಿದ್ದೆವು.

ಆ ಜೀಪಿನ ಡ್ರೈವರಣ್ಣ ಮೂವತ್ತು ವರ್ಷದಿಂದ ತೋಟದಲ್ಲಿದ್ದವರು. ಹ್ಯಾಂಡ್‌ಬ್ರೇಕ್ ಅಂತ ಒಂದಿದೆ ಅನ್ನುವುದನ್ನೇ ಅವರು ಬಿಟ್ಟುಬಿಟ್ಟಿದ್ದರು. ಸೀಟಿನ ಕೆಳಗೆ ಸಿಲ್ವರ್ ಓಕ್ ಮರದ ಎರಡು ತುಂಡು ಇಟ್ಟುಕೊಂಡಿರುತ್ತಿದ್ದರು. ಎಲ್ಲಿ ನಿಲ್ಲಿಸಿದರೂ ಮೊದಲು ಇಳಿದು ಗಾಲಿಗೆ ಅಡ್ಡ ಕೊಡುವುದು, ಆಮೇಲೆ ಬೀಡಿ. ತುಂಡು ಸಿಗದಿದ್ದರೆ ಕಲ್ಲು.

ಆ ಸಲ ತೋಟದ ಯಜಮಾನರು ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿ ಅಂದರು. ನನಗೆ ತುಂಬ ಖುಷಿಯಾಯಿತು. ಹಿಂದಿನ ಫ್ಲೇಂಜಿಗೆ ಕೂರುವ ಹಾಗೆ ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಿದೆ. ಡಿಸ್ಕ್ ಕೂರಿಸಿ ಡಯಲ್ ಗೇಜ್ ಹಿಡಿದು ಅದು ಓಲಾಡದೆ ತಿರುಗುತ್ತದೆಯಾ ನೋಡಿದೆ. ಡಿಸ್ಕನ್ನು ಕಚ್ಚಿ ಹಿಡಿಯುವ ಮೆಕ್ಯಾನಿಕಲ್ ಕ್ಯಾಲಿಪರಿಗೆ ದಪ್ಪ ಬ್ರ್ಯಾಕೆಟ್ ಕೊಟ್ಟೆ, ಡ್ಯಾಶ್ ಕೆಳಗಿನ ಹಿಡಿ ತೆಗೆದು ನೆಲಕ್ಕೆ ಲಿವರ್ ತಂದೆ. ಶಾಫ್ಟಿನಿಂದ ಗಾಲಿಗಳಿಗೆ ಬಲ ಕೊಡುವ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್ ಪಿನಿಯನ್, ಈ ಜೀಪಿನಲ್ಲಿ 43 ಹಲ್ಲಿಗೆ 8 ಹಲ್ಲು. ಶಾಫ್ಟಿನಲ್ಲಿ ಹಿಡಿದ ಬಲ ಗಾಲಿಗೆ ಬರುವಾಗ ಐದು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ. ಅದಕ್ಕೇ ಸಣ್ಣ ಡಿಸ್ಕ್ ಸಾಕಾಗುತ್ತದೆ.

ಟ್ರಯಲ್ಲಿಗೆ ಅಂತ ನಮಗಿರುವುದು ಗ್ಯಾರೇಜ್ ಮುಂದಿನ ಇಳಿಜಾರು ಒಂದೇ. ಅಲ್ಲಿ ನಿಲ್ಲಿಸಿ, ಗೇರ್ ತೆಗೆದು, ಲಿವರ್ ಎಳೆದೆ. ಗಾಡಿ ಅಲ್ಲಾಡಲಿಲ್ಲ. ಇಬ್ಬರು ತಳ್ಳಿದರೂ ಇಲ್ಲ. ಇನ್ನೊಂದು ದಿನ ಇಟ್ಟುಕೊಂಡು ಲೋಡ್ ಹಾಕಿ ನೋಡೋಣ ಅಂದೆ. ನಮ್ಮ ಓನರ್, "ಕೊಯ್ಲು ಶುರುವಾಗಿದೆ ಮಾರಾಯ, ಹೊರಗೆ ಆರು ಗಾಡಿ ನಿಂತಿವೆ" ಅಂದರು. ಪ್ರತಿ ವರ್ಷ ಇದೇ ಕಥೆ. ಮೇ ತಿಂಗಳಲ್ಲಿ ಖಾಲಿ ಕೂತಿರುತ್ತೇವೆ, ಡಿಸೆಂಬರಿನಲ್ಲಿ ಟ್ರಯಲ್ಲಿಗೆ ಸಮಯ ಇರುವುದಿಲ್ಲ.

ಗಾಡಿ ಕೊಡುವಾಗ ಡ್ರೈವರಣ್ಣನಿಗೆ ನಾನು ಹೇಳಿದ ಮಾತು ಇದು: "ಅಣ್ಣಾ, ಇನ್ನು ಆ ಮರದ ತುಂಡು ಎಸೀರಿ. ಕಲ್ಲೂ ಬೇಡ, ಕಟ್ಟಿಗೆಯೂ ಬೇಡ."

ಹತ್ತು ದಿನ ಬಿಟ್ಟು ಹೊಸ ಕೇಬಲ್ ಹಿಗ್ಗಿ ಸಡಿಲವಾಗಿದೆಯಾ ನೋಡಲು ತೋಟಕ್ಕೆ ಹೋದೆ. ಜೊತೆಗೆ ನಮ್ಮ ಹೆಲ್ಪರ್ ಹುಡುಗ. ಮಧ್ಯಾಹ್ನದ ಹೊತ್ತು. ಜೀಪ್ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತಿತ್ತು. ಹಿಂದೆ ಹಣ್ಣಿನ ಚೀಲ ತುಂಬಿತ್ತು, ಹಿಂದಿನ ಎಡಗಾಲಿ ಪಂಕ್ಚರ್. ಸ್ವಲ್ಪ ಕೆಳಗೆ, ರಸ್ತೆ ತಿರುಗುವಲ್ಲಿ, ಕೊಯ್ಲಿನ ಹೆಂಗಸರು ತೂಕಕ್ಕೆ ಕಾಯುತ್ತ ಕೂತಿದ್ದರು.

ಡ್ರೈವರಣ್ಣ ಕೇಳಿದರು, "ಕಲ್ಲು ಕೊಡ್ಲಾ?"

"ಬೇಡ ಅಣ್ಣಾ. ಬ್ರೇಕ್ ಎಳೆದಿದೆ, ಫಸ್ಟ್ ಗೇರಲ್ಲಿದೆ, ಫೋರ್ ವೀಲ್ ಡ್ರೈವೂ ಹಾಕಿದೀನಿ."

ಗಾಲಿ ನೆಲದ ಮೇಲಿರುವಾಗಲೇ ಹುಡುಗ ನಟ್ ಸಡಿಲ ಮಾಡಿದ. ನಾನು ಹಿಂದಿನ ಆಕ್ಸಲ್ ಹೌಸಿಂಗಿನ ಕೆಳಗೆ ಬಾಟಲ್ ಜಾಕ್ ಕೊಟ್ಟು ಎತ್ತತೊಡಗಿದೆ. ಟೈರ್ ನೆಲ ಬಿಟ್ಟಿತು. ಅವನು ಪಕ್ಕದಲ್ಲೇ ಕೂತು ಮೇಲಿನ ನಟ್ಟಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಜಾಕ್ ನನ್ನ ಕೈಯಲ್ಲೇ ಓರೆಯಾಯಿತು.

"ಹಿಂದೆ ಸರಿಯೋ" ಅಂತ ಕೂಗಿದೆ. ಹುಡುಗ ಹಿಂದಕ್ಕೆ ಬಿದ್ದ. ಜೀಪ್ ಮುಂದಕ್ಕೆ ಸರಿಯಿತು, ಜಾಕ್ ಮಗುಚಿತು, ಗಾಲಿ ಧೊಪ್ಪನೆ ನೆಲಕ್ಕೆ ಕೂತಿತು. ಅಲ್ಲಿಗೆ ಗಾಡಿ ನಿಂತಿತು. ಎರಡಡಿ ಹೋಗಿತ್ತು, ಅಷ್ಟೇ. ಕೆಳಗಿದ್ದ ಹೆಂಗಸರು ಎದ್ದು ದೂರ ಓಡಿದ್ದರು. ನಾನು ಹುಡುಗನ ಎರಡೂ ಕೈ ಹಿಡಿದು ಬೆರಳು ನೋಡಿದೆ. ಎಲ್ಲ ಇದ್ದವು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಗಾಲಿ ಕೈಗೆ ಬಂದಿರುತ್ತಿತ್ತು, ಅವನ ಕಾಲು ಆ ಗಾಲಿಯ ಬ್ರೇಕ್ ಡ್ರಮ್ಮಿನ ಕೆಳಗೆ ಇರುತ್ತಿತ್ತು.

ಮೊದಲು ನನಗೆ ಹೊಳೆದದ್ದು ಕೇಬಲ್ ಸಡಿಲ ಅಂತ. ಕೆಳಗೆ ನುಗ್ಗಿ ಚೆಕ್ ನಟ್ ಬಿಚ್ಚಿ, ಇನ್ನೂ ನಾಲ್ಕು ಸುತ್ತು ಬಿಗಿ ಮಾಡಿದೆ. ನಿಜವಾಗಿ ಕೇಬಲ್ ಸರಿಯಾಗೇ ಇತ್ತು. ನನ್ನ ಕೆಲಸದಲ್ಲಿ ತಪ್ಪಿದೆ ಅಂದರೆ ಅದು ಬೋಲ್ಟ್ ನಟ್ಟಿನಲ್ಲೇ ಇರಬೇಕು ಅನ್ನುವ ಹಟ. ಹೊರಗೆ ಬಂದು ಮತ್ತೆ ಜಾಕ್ ಕೊಡುವಷ್ಟರಲ್ಲಿ ಡ್ರೈವರಣ್ಣ ನನ್ನನ್ನು ಕೇಳಲೇ ಇಲ್ಲ. ಎರಡು ದಪ್ಪ ಕಲ್ಲು ತಂದು ಮುಂದಿನ ಗಾಲಿಗಳಿಗೆ ಒದ್ದು ಕೂರಿಸಿದರು.

ಎತ್ತಿದೆ. ಜೀಪ್ ಒಂದಿಂಚು ಮುಂದೆ ಸರಿದು ಕಲ್ಲಿಗೆ ಆತುಕೊಂಡಿತು. ಆಗ ನೋಡಿದೆ. ಎತ್ತಿದ ಎಡಗಾಲಿ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿತ್ತು. ಶಾಫ್ಟ್ ಕದಲಿರಲಿಲ್ಲ. ಡಿಸ್ಕ್ ಕದಲಿರಲಿಲ್ಲ. ನನ್ನ ಬ್ರೇಕ್ ಚೆನ್ನಾಗಿ ಹಿಡಿದಿತ್ತು.

ಹಿಡಿದದ್ದು ಶಾಫ್ಟನ್ನು, ಗಾಲಿಯನ್ನಲ್ಲ. ನಡುವೆ ಡಿಫರೆನ್ಶಿಯಲ್ ಇದೆ, ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳು. ಎರಡೂ ಗಾಲಿ ನೆಲದಲ್ಲಿರುವ ತನಕ ಗಾಡಿ ನಿಲ್ಲುತ್ತದೆ. ಒಂದನ್ನು ಎತ್ತಿದರೆ ಅದು ಹಿಂದಕ್ಕೆ ತಿರುಗುತ್ತದೆ, ಇನ್ನೊಂದು ಮುಂದಕ್ಕೆ ಉರುಳುತ್ತದೆ. ಗೇರ್ ಹಾಕಿದರೂ ಅದೇ ಶಾಫ್ಟ್ ತಾನೇ. ಫೋರ್ ವೀಲ್ ಉಳಿಸಬೇಕಿತ್ತು, ಅಲ್ವಾ? ಮುಂದಿನ ಎರಡು ಗಾಲಿಯೂ ಶಾಫ್ಟಿಗೆ ಕಟ್ಟಿಬಿದ್ದಿದ್ದರೆ ಗಾಡಿ ಸರಿಯುತ್ತಿರಲಿಲ್ಲ. ಆದರೆ ಮುಂದೆ ಫ್ರೀ ವೀಲ್ ಹಬ್ ಇತ್ತು, ಇಳಿದು ಅದನ್ನು ಲಾಕ್ ಮಾಡದಿದ್ದರೆ ಗಾಲಿಗೂ ಶಾಫ್ಟಿಗೂ ಸಂಬಂಧ ಇರುವುದಿಲ್ಲ. ಎರಡೂ ಫ್ರೀಯಲ್ಲೇ ಇದ್ದವು. ಫೋರ್ ವೀಲ್ ಲಿವರ್ ಎಳೆದವನು ನಾನು, ಇಳಿದು ಹಬ್ ನೋಡದವನೂ ನಾನೇ.

ಹಳೇ ಡ್ರಮ್ಮಿಗೂ ಇದೇ ಗುಣ ಇತ್ತು. ಅದು ಕೆಟ್ಟ ಬ್ರೇಕ್ ಆಗಿದ್ದಕ್ಕೆ ಯಾರೂ ಅದನ್ನು ನಂಬಿ ಗಾಲಿ ಎತ್ತುತ್ತಿರಲಿಲ್ಲ. ನಾನು ಒಳ್ಳೇ ಬ್ರೇಕ್ ಮಾಡಿ, ಅವರ ಕೈಯಿಂದ ಕಲ್ಲು ಬಿಡಿಸಿದ್ದೆ. ಟ್ರಯಲ್ಲಿಗೆ ಇನ್ನೊಂದು ದಿನ ಸಿಕ್ಕಿದ್ದರೂ ನಾಲ್ಕು ಗಾಲಿ ನೆಲದಲ್ಲಿಟ್ಟೇ ನೋಡುತ್ತಿದ್ದೆ. ಆ ತಪ್ಪನ್ನು ಓನರ್ ಮೇಲೆ ಹಾಕಲಾರೆ.

ಈಗ ಇಂಥ ಕೆಲಸ ಬಂದರೆ ಗಾಡಿ ಕೊಡುವ ಮೊದಲು ಡ್ರೈವರನ್ನು ಕರೆಯುತ್ತೇನೆ. ಕಲ್ಲು ಕೊಟ್ಟು, ಬ್ರೇಕ್ ಎಳೆದು, ಹಬ್ ಫ್ರೀ ಬಿಟ್ಟು, ಹಿಂದಿನ ಒಂದು ಗಾಲಿ ಎತ್ತಿ ಅವರ ಕೈಯಲ್ಲೇ ತಿರುಗಿಸುತ್ತೇನೆ. ಆಚೆ ಗಾಲಿ ಕಲ್ಲಿಗೆ ಒತ್ತುವುದನ್ನು ತೋರಿಸುತ್ತೇನೆ. ಹದಿನೈದು ನಿಮಿಷ ಹಿಡಿಯುತ್ತದೆ. ಓನರ್ ಒಳಗಿನಿಂದ ಗಡಿಯಾರ ನೋಡುತ್ತಾರೆ, ನೋಡಲಿ.

ಡ್ರೈವರಣ್ಣ ಆ ದಿನ ನನಗೆ ಒಂದು ಮಾತೂ ಅನ್ನಲಿಲ್ಲ. ಮಾರನೇ ವಾರ ಸಾಮಿಲ್ಲಿಗೆ ಹೋಗಿ ಎರಡು ಹೊಸ ತುಂಡು ಓರೆಯಾಗಿ ಕೊಯ್ಸಿ, ಹಗ್ಗ ಕಟ್ಟಿ ತೋಟಕ್ಕೆ ತಗೊಂಡು ಹೋದೆ. ಅವರು ಸೀಟ್ ಎತ್ತಿ ತೋರಿಸಿದರು. ಹಳೇ ತುಂಡುಗಳು ಅಲ್ಲೇ ಇದ್ದವು. ಎಸೆದೇ ಇರಲಿಲ್ಲ. ನನ್ನವನ್ನೂ ತಗೊಂಡು ಪಕ್ಕದಲ್ಲಿಟ್ಟರು.