ಗರ್ತಾಂಗ್ ಗಲಿ: 150 ರೂಪಾಯಿ ದಾರಿಗೆ ನಾವು ತೆತ್ತಿದ್ದು ಎರಡು ಸಾವಿರ ಜಾಸ್ತಿ

ಬಂಡೆಗೆ ಅಂಟಿದ ಮರದ ಹಲಗೆಯ ಹಳೇ ದಾರಿ ಗರ್ತಾಂಗ್ ಗಲಿ ನೋಡಲು ಹೊರಟಿದ್ದೆವು. ಉತ್ತರಾಖಂಡದ ಉತ್ತರಕಾಶಿಯಲ್ಲಿ ಟ್ಯಾಕ್ಸಿ ಗೊತ್ತುಮಾಡಿಕೊಡುವ ಒಬ್ಬ ಏಜೆಂಟ್ ಸಿಕ್ಕಿದ. "ಗರ್ತಾಂಗ್ ಗಲಿಗಾ? ಅದು ಚೀನಾ ಗಡಿ ಕಡೆ ಸಾರ್, ಪರ್ಮಿಟ್ ಇಲ್ಲದಿದ್ರೆ ಬಿಡಲ್ಲ" ಎಂದು ಹಿಂದಿಯಲ್ಲಿ ಹೆದರಿಸಿದ. ತಲೆಗೆ ಸಾವಿರ. ನಾನು, ನನ್ನ ಬಾಮೈದ ಇಬ್ಬರೇ ಇದ್ದದ್ದು. ಎರಡು ಸಾವಿರ ಎಣಿಸಿಕೊಟ್ಟೆವು. ಸಂಜೆ ಒಂದು ಜೆರಾಕ್ಸ್ ಕಾಗದ ತಂದುಕೊಟ್ಟ. ಮಾರನೇ ದಿನ ಲಂಕಾ ಸೇತುವೆ ಹತ್ತಿರದ ಟಿಕೆಟ್ ಕೌಂಟರಿನಲ್ಲಿ ಅದನ್ನು ತೋರಿಸಿದರೆ, ಅಲ್ಲಿದ್ದ ಹುಡುಗ ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕುಬಿಟ್ಟ. "ಇದು ಬೇಡ. ಆಧಾರ್ ತೋರಿಸಿ, ಒಬ್ಬರಿಗೆ 150 ಕೊಡಿ" ಅಂದ. ಅಷ್ಟೇ!

ಈ ಮೋಸ ನಡೆಯುವುದು ಒಂದು ಗೊಂದಲದಿಂದ. ಗರ್ತಾಂಗ್ ಗಲಿ ಬೇರೆ, ನೇಲಾಂಗ್ ಎಂಬ ಗಡಿ ಕಡೆಯ ಹಳ್ಳಿ ಬೇರೆ. ಎರಡೂ ಜಾಡ್ ಗಂಗಾ ನದಿಯ ಕಣಿವೆಯಲ್ಲೇ ಇವೆ. ಆದರೆ ಪರ್ಮಿಟ್ ಬೇಕಾಗಿರುವುದು ಒಳಗಡೆ ಇರುವ ನೇಲಾಂಗ್‌ಗೆ ಮಾತ್ರ. ಗಲಿಗೆ ಟಿಕೆಟ್ ಸಾಕು, ಅದೂ ಬಾಗಿಲಲ್ಲೇ ಸಿಗುತ್ತದೆ. ನಾವು ಹೋಗಿದ್ದು 2024ರ ಅಕ್ಟೋಬರಿನಲ್ಲಿ. ದರ ಈಗ ಹೆಚ್ಚಾಗಿದ್ದರೂ ಸಾವಿರವಂತೂ ಆಗಿರಲಾರದು.

ಅಕ್ಟೋಬರ್ ಯಾಕೆಂದರೆ, ಮೈಸೂರಿನಲ್ಲಿ ಮನೆ ಇರುವ ನನ್ನಂಥವರಿಗೆ ದಸರಾ ಎಂದರೆ ಊರು ಬಿಟ್ಟು ಓಡುವ ಕಾಲ. ಜನಜಂಗುಳಿ ನನಗೆ ಆಗುವುದಿಲ್ಲ. ಅಲ್ಲಿಗೆ ಹೋದರೆ ದುರ್ಗಾಪೂಜೆ ರಜೆಗೆ ಅರ್ಧ ಕೋಲ್ಕತ್ತಾವೇ ಗಂಗೋತ್ರಿಯಲ್ಲಿತ್ತು. ಆ ವಿಷಯ ಬಿಡಿ.

ಗಲಿ ಎಂದರೆ ಓಣಿ. ನೆಟ್ಟಗೆ ನಿಂತ ಬಂಡೆಯನ್ನು ಕೊರೆದು, ಅದಕ್ಕೆ ಮರದ ಹಲಗೆ ಜೋಡಿಸಿ ಮಾಡಿದ ದಾರಿ. ಎತ್ತರ ಸುಮಾರು 11 ಸಾವಿರ ಅಡಿ. ಹಲಗೆಯ ಭಾಗದ ಉದ್ದ 136 ಮೀಟರ್, ಅಗಲ 1.8 ಮೀಟರ್. ಪೇಶಾವರದಿಂದ ಬಂದ ಪಠಾಣರು ಕಟ್ಟಿದ್ದು ಎನ್ನುತ್ತಾರೆ. ಟಿಬೆಟ್ಟಿನ ವ್ಯಾಪಾರಿಗಳು ಉಪ್ಪು, ಉಣ್ಣೆ ಹೇರಿಕೊಂಡು ಉತ್ತರಕಾಶಿಗೆ ಬರುತ್ತಿದ್ದದ್ದು ಇದರ ಮೇಲೇ. 1962ರ ಯುದ್ಧದಲ್ಲಿ ಮುಚ್ಚಿತು. ನೇಲಾಂಗ್, ಜಾದುಂಗ್ ಹಳ್ಳಿಗಳ ಜನರನ್ನೂ ಆಗಲೇ ಎಬ್ಬಿಸಿ ಕೆಳಗೆ ಕಳಿಸಿದರು. ಮತ್ತೆ ದುರಸ್ತಿ ಮಾಡಿ ಜನರಿಗೆ ತೆರೆದದ್ದು 2021ರ ಆಗಸ್ಟಿನಲ್ಲಿ, 59 ವರ್ಷದ ಮೇಲೆ. ತೆರೆದ ಮಾರನೇ ತಿಂಗಳೇ ಪುಣ್ಯಾತ್ಮರು ಕಟಕಟೆ ಮೇಲೆ ಹೆಸರು ಗೀಚಿ ಕೇಸು ಹಾಕಿಸಿಕೊಂಡರು.

136 ಮೀಟರ್ ಎಂದು ಸಸಾರ ಮಾಡಬೇಡಿ. ಅಲ್ಲಿಗೆ ಮುಟ್ಟಲು ರಸ್ತೆಯಿಂದ ಎರಡು ಕಿಲೋಮೀಟರಿಗೂ ಜಾಸ್ತಿ ಕಾಡುದಾರಿ ನಡೆಯಬೇಕು. ದೇವದಾರು ಮರಗಳ ನೆರಳಿದೆ. ಆದರೆ ಏರಿಳಿತ ಇದೆ, ಕೆಲವು ಕಡೆ ಸಡಿಲ ಮಣ್ಣು. ಚಪ್ಪಲಿಯಲ್ಲಿ ಬಂದಿದ್ದ ಒಂದು ಕುಟುಂಬ ಅರ್ಧಕ್ಕೇ ವಾಪಸಾಯಿತು. ದಾರಿಯಲ್ಲಿ ಅಂಗಡಿ ಇಲ್ಲ, ನಮ್ಮ ಫೋನಿಗೆ ಸಿಗ್ನಲ್ಲೂ ಸಿಗಲಿಲ್ಲ. ನೀರು ಹೊತ್ತುಕೊಂಡೇ ಹೋಗಿ. ನಾವು ನಿಧಾನಕ್ಕೆ ಹೋಗಿ ಬರಲು ಮೂರು ಗಂಟೆ ಹಿಡಿಯಿತು.

ಒಂದು ತಿರುವು ದಾಟಿದ್ದೇ ಕಾಡು ಮುಗಿದು ಬರೀ ಬಂಡೆ. ತಲೆಯ ಮೇಲೂ ಬಂಡೆಯೇ ಬಾಗಿಕೊಂಡಿದೆ. ನದಿ ಎಷ್ಟು ಕೆಳಗಿದೆಯೆಂದರೆ ಮೊದಲು ಸದ್ದು ಕೇಳಿಸುತ್ತದೆ, ಆಮೇಲೆ ಹುಡುಕಿ ನೋಡಬೇಕು. ಹಲಗೆಗಳ ಸಂದಿಯಲ್ಲಿ ಪಾತಾಳ ಕಾಣುತ್ತದೆ. ಬಾಮೈದ ಮೊದಲ ಮೆಟ್ಟಿಲಲ್ಲೇ ಕೂತುಬಿಟ್ಟ. "ಭಾವ, ನೀವು ಹೋಗಿ ಬನ್ನಿ, ನಾನು ಬ್ಯಾಗ್ ನೋಡ್ಕೊತೀನಿ" ಅಂದ. ಬ್ಯಾಗ್ ಇದ್ದದ್ದು ನನ್ನ ಬೆನ್ನ ಮೇಲೆ. ಹತ್ತು ನಿಮಿಷ ಆದಮೇಲೆ ಬಂಡೆಯ ಕಡೆ ಮುಖ ಮಾಡಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದ. ಎತ್ತರಕ್ಕೆ ತಲೆ ತಿರುಗುವವರು ಈ ಉಪಾಯ ಮಾಡಬಹುದು. ಒಂದು ಸಲಕ್ಕೆ ಹತ್ತು ಜನಕ್ಕಿಂತ ಹೆಚ್ಚು ಹಲಗೆ ಹತ್ತಬಾರದು, ಕುಣಿಯಬಾರದು ಎಂಬ ನಿಯಮ ಇದೆ. ಬೆಳಿಗ್ಗೆ ಬೇಗ ಅಲ್ಲಿದ್ದರೆ ನಿಯಮ ಪಾಲಿಸಲು ಕಷ್ಟವೇ ಆಗುವುದಿಲ್ಲ, ಯಾಕೆಂದರೆ ಯಾರೂ ಇರುವುದಿಲ್ಲ. ನಾವು ವಾಪಸು ಬರುವಾಗ ಟೆಂಪೋ ಟ್ರಾವೆಲರ್ ತುಂಬ ಜನ ಇಳಿಯುತ್ತಿದ್ದರು.

ಗಂಗೋತ್ರಿಯಲ್ಲಿ ಉಳಿಯಬೇಡಿ ಎಂದು ನನ್ನ ಸಲಹೆ. 2,800 ಕೊಟ್ಟ ರೂಮಿನಲ್ಲಿ ಗೀಸರ್ ಗೋಡೆಯ ಮೇಲಿತ್ತು, ಕರೆಂಟ್ ಇರಲಿಲ್ಲ. ಬಿಸಿನೀರು ಬಕೆಟ್ಟಿಗೆ 100. ರಜಾಯಿ ಒದ್ದೆಒದ್ದೆ. ಕೇಳಿದರೆ ರೂಮಿನವನು "ಗಂಗಾ ಮಾತೆಯ ಸನ್ನಿಧಿ ಸಾರ್" ಎಂದ. ಅದಕ್ಕಿಂತ ಕೆಳಗಿನ ಊರು ಹರ್ಸಿಲ್ ವಾಸಿ. ಹಳೆಯ ಬರಹಗಳಲ್ಲಿ ಧರಾಲಿಯಲ್ಲಿ ಉಳಿಯಿರಿ ಎಂದಿದ್ದರೆ ಅದನ್ನು ಮರೆತುಬಿಡಿ. 2025ರ ಆಗಸ್ಟ್ 5ರಂದು ಬೆಟ್ಟದ ಹಳ್ಳ ಉಕ್ಕಿ ಬಂದು ಆ ಊರಿನ ಪೇಟೆಯನ್ನೇ ಹೂಳಿಹಾಕಿತು. ನಾವು ಅಲ್ಲಿ ಸೇಬು ಕೊಂಡಿದ್ದೆವು. ಮಳೆಗಾಲದಲ್ಲಿ ಈ ಕಡೆ ಹೊರಡಲೇಬೇಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೇಗೂ ಮುಚ್ಚಿರುತ್ತದೆ. ಸೆಪ್ಟೆಂಬರ್ ಕೊನೆಯ ಮೇಲೆ ಹೋದರೆ ಒಳ್ಳೆಯದು.

ಈಗ ಊಟದ ವಿಷಯ. ಲಂಕಾ ಸೇತುವೆ ದಾಟಿದರೆ ಭೈರೋಂಘಾಟಿ. ಅಲ್ಲಿ ತಗಡಿನ ಸೂರಿನ ಒಂದು ಢಾಬಾ, ಬೋರ್ಡು ಕೂಡ ಇಲ್ಲ. ಒಬ್ಬರು ಅಜ್ಜಿ, ಅವರ ಸೊಸೆ ನಡೆಸುತ್ತಾರೆ. ಹರ್ಸಿಲ್ ರಾಜ್ಮಾ ಎಂದರೆ ನಮ್ಮ ಕಡೆ ಸಿಗುವ ಗಟ್ಟಿ ಕೆಂಪು ಕಾಳಲ್ಲ. ಬಾಯಲ್ಲಿಟ್ಟರೆ ಹಿತಕಿದ ಅವರೆಯ ಹಾಗೆ ಕರಗುತ್ತದೆ. ಮಸಾಲೆ ಕಡಿಮೆ, ಕಾಳಿನ ರುಚಿಯೇ ಜಾಸ್ತಿ. ಅನ್ನ, ರಾಜ್ಮಾ ಹೊಟ್ಟೆ ತುಂಬ 100 ರೂಪಾಯಿ. ಜೊತೆಗೆ ಕಪ್ಪನೆಯ ರೊಟ್ಟಿ ಕೊಟ್ಟರು. "ಮಂಡುವಾ" ಎಂದರು. ಮುರಿದು ವಾಸನೆ ನೋಡಿದರೆ ರಾಗಿ! ಅಷ್ಟು ದೂರದ ಹಿಮಾಲಯದಲ್ಲಿ ರಾಗಿ ರೊಟ್ಟಿ ಮೇಲೆ ತುಪ್ಪ ಸುರಿದುಕೊಂಡು ತಿಂದೆವು. ನಮ್ಮೂರಲ್ಲಿ ಇದನ್ನು ಉಂಡೆ ಕಟ್ಟಿ ನುಂಗುತ್ತೇವೆ ಎಂದು ಬಾಮೈದ ಕೈಯಲ್ಲಿ ಅಭಿನಯಿಸಿ ತೋರಿಸಿದ. ಅಗಿಯದೆಯೇ ನುಂಗುತ್ತೀರಾ ಎಂದು ಅಜ್ಜಿ ಎರಡು ಸಲ ಕೇಳಿದರು. ನಂಬಿದ ಹಾಗೆ ಕಾಣಲಿಲ್ಲ.

ಇಲ್ಲಿಗೆ ಬರಲು ಸ್ಪೆಷಲ್ ಟ್ಯಾಕ್ಸಿ ಬೇಕಿಲ್ಲ. ಉತ್ತರಕಾಶಿಯಿಂದ ಗಂಗೋತ್ರಿಗೆ ಹೋಗುವ ಶೇರ್ ಜೀಪ್ ಹತ್ತಿ ಲಂಕಾದಲ್ಲಿ ಇಳಿಯಿರಿ, ಅಲ್ಲಿಂದ ಗಂಗೋತ್ರಿ ಇನ್ನೂ ಹತ್ತು ಕಿಲೋಮೀಟರ್ ಮುಂದಿದೆ. ವಾಪಸು ಹೋಗುವಾಗ ಮಾತ್ರ ಹುಷಾರು. ಜೀಪುಗಳು ಗಂಗೋತ್ರಿಯಲ್ಲೇ ತುಂಬಿಕೊಂಡು ಬರುತ್ತವೆ, ಕೈ ತೋರಿಸಿದರೂ ನಿಲ್ಲಿಸುವುದಿಲ್ಲ. ನಮಗೆ ಐದನೆಯದು ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಸಲ ರಾಜ್ಮಾ ಹಾಕಿಸಿಕೊಂಡಿದ್ದೆವು.